ರಾಕ್ ಸಂಗೀತವೂ ನೂಕುನುಗ್ಗಲೂ

ನಮ್ಮ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಪದವೊಂದುಂಟು: ಕಾಲ್ತುಳಿತ. ದೊಡ್ಡ ಸಂಗೀತ ಸಭೆಯಲ್ಲಿಯೋ ಆಟದ ಮೈದಾನದ ಬಾಗಿಲಿನಲ್ಲಿಯೋ ಜನ ಸತ್ತರೆಂದರೆ ಮರುದಿನ ಬೆಳಗ್ಗೆ ಆ ಪದ ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಕನ್ನಡ ಪಾಠ ಹೇಳುವವರಿಗೆ ಪದ ಸಿಕ್ಕಿದರೆ ಬಿಡಿಸಿ ನೋಡುವ ಚಾಳಿ. ಕಾಲಿನಿಂದ ತುಳಿತ, ಕಾಲ್ತುಳಿತ, ತತ್ಪುರುಷ ಸಮಾಸ. ವ್ಯಾಕರಣಕ್ಕೇನೂ ಕುಂದಿಲ್ಲ. ಕುಂದಿರುವುದು ಅರ್ಥದಲ್ಲಿ. ಆ ಪದವನ್ನು ಓದಿದೊಡನೆ ನಮ್ಮ ಕಣ್ಣ ಮುಂದೆ ಬೆದರಿದ ದನದ ಹಿಂಡಿನಂತೆ ಓಡುವ ಜನ, ಅವರ ಕಾಲಡಿಗೆ ಸಿಕ್ಕಿದ ನತದೃಷ್ಟರು ಬಂದು ನಿಲ್ಲುತ್ತಾರೆ. ತಪ್ಪು ಯಾರದು? ತುಳಿದ ಕಾಲುಗಳದು. ಅದರಲ್ಲಿಯೂ ನಡೆದದ್ದು ರಾಕ್ ಸಂಗೀತದ ಸಭೆಯಲ್ಲಿ ಎಂದರೆ ಕೇಳುವುದೇ ಬೇಡ. ಉದ್ದ ಕೂದಲು, ಕಿವಿ ಗಡಚಿಕ್ಕುವ ವಾದ್ಯ, ಮೈಮರೆತು ಕುಣಿಯುವ ತರುಣರು. “ಹುಚ್ಚು ಹಿಡಿದ ಗುಂಪು, ಆಗಬೇಕಾದದ್ದೇ ಆಯಿತು” ಎಂದು ತೀರ್ಪು ಕೊಟ್ಟು ಪತ್ರಿಕೆಯನ್ನು ಮಡಿಸಿಡುತ್ತೇವೆ. ಆ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದೇ ಇಂದಿನ ವಿಚಾರ.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಕಚೇರಿಗಳಲ್ಲಿ ಕೇಳುವವರು ಜಮಖಾನದ ಮೇಲೋ ಕುರ್ಚಿಯ ಮೇಲೋ ಕುಳಿತಿರುತ್ತಾರೆ. ರಾಕ್ ಸಂಗೀತದ ರಸಿಕರು ಬಹುಮಟ್ಟಿಗೆ ನಿಂತು ಕೇಳುವವರು. ವೇದಿಕೆಗೆ ಎಷ್ಟು ಹತ್ತಿರವೋ ಅಷ್ಟು ಭಾಗ್ಯ. ಕುಳಿತವನು ತನ್ನ ಜಾಗವನ್ನು ತಾನು ಹಿಡಿದಿರುತ್ತಾನೆ. ನಿಂತವನ ಜಾಗಕ್ಕಾದರೋ ಎಲ್ಲೆಯಿಲ್ಲ. ಹಿಂದಿನವರು ಒತ್ತಿದಷ್ಟೂ ಅದು ಕುಗ್ಗುತ್ತದೆ.

ಅಮೆರಿಕದ ಓಹಾಯೋ ಸಂಸ್ಥಾನದ ಸಿನ್ಸಿನಾಟಿ ನಗರದಲ್ಲಿ 1979ನೆಯ ಇಸವಿ ಡಿಸೆಂಬರ್ 3ರಂದು ಇಂಗ್ಲೆಂಡಿನ ‘ದಿ ಹೂ’ ಎಂಬ ಪ್ರಸಿದ್ಧ ರಾಕ್ ತಂಡದ ಕಚೇರಿ ಏರ್ಪಟ್ಟಿತ್ತು. ಸ್ಥಳ, ರಿವರ್‌ಫ್ರಂಟ್ ಕೊಲಿಸಿಯಂ ಎಂಬ ಭಾರಿ ಸಭಾಂಗಣ. ಮಾರಾಟವಾದ ಟಿಕೇಟುಗಳು 18,348. ಅವುಗಳಲ್ಲಿ 14,770 ಟಿಕೇಟುಗಳಿಗೆ ಗೊತ್ತಾದ ಆಸನವಿರಲಿಲ್ಲ. ಮೊದಲು ಒಳಹೊಕ್ಕವನಿಗೆ ಮುಂದಿನ ಜಾಗ. ಇದು ಅಲ್ಲಿನ ಏರ್ಪಾಡು. ಹೀಗೆ ಹೇಳಿದ ಮೇಲೆ ಜನ ಏನು ಮಾಡಿಯಾರು? ರಾತ್ರಿ 8 ಗಂಟೆಯ ಕಚೇರಿಗೆ ಮಧ್ಯಾಹ್ನದಿಂದಲೇ ಬಂದು ಚಳಿಯಲ್ಲಿ ನಿಂತರು. ಕತ್ತಲಾಗುವ ಹೊತ್ತಿಗೆ ಬಾಗಿಲುಗಳ ಮುಂದೆ ಸಾವಿರಾರು ಮಂದಿ ಸೇರಿದ್ದರು. ಅಷ್ಟರಲ್ಲಿ ಒಳಗಿನಿಂದ ವಾದ್ಯದ ಧ್ವನಿ ಕೇಳಿಸಿತು. ಕಚೇರಿ ಆರಂಭವಾಗಿಯೇ ಬಿಟ್ಟಿತೆಂದು ಹಲವರು ಭಾವಿಸಿದರು. ಬಾಗಿಲುಗಳ ಸಾಲೇ ಇದ್ದರೂ ತೆರೆದದ್ದು ಕೆಲವನ್ನು ಮಾತ್ರ. ಹಿಂದಿನವರು ಒಂದೊಂದು ಹೆಜ್ಜೆ ಮುಂದಿಟ್ಟರು. ಮುಂದಿನವರಿಗೆ ಹೆಜ್ಜೆಯಿಡಲು ಎಡೆಯಿರಲಿಲ್ಲ. ಅಲ್ಲಿ 11 ಮಂದಿ ಪ್ರಾಣಬಿಟ್ಟರು. ಅವರಲ್ಲಿ ಅತ್ಯಂತ ಕಿರಿಯರ ವಯಸ್ಸು 15; ಅತ್ಯಂತ ಹಿರಿಯರ ವಯಸ್ಸು 27. ಕಚೇರಿಯನ್ನು ನಿಲ್ಲಿಸಿದರೆ ಇನ್ನಷ್ಟು ಅನಾಹುತವಾದೀತೆಂದು ಅಧಿಕಾರಿಗಳು ಅಂಜಿ, ಅದು ಪೂರ್ತಿ ನಡೆಯಲು ಬಿಟ್ಟರು. ಹಾಡಿದವರಿಗೆ ಸಾವಿನ ಸುದ್ದಿ ತಿಳಿದದ್ದು ಹಾಡು ಮುಗಿದ ಮೇಲೆ.

ಮರುದಿನದ ಪತ್ರಿಕೆಗಳು ಆ ತರುಣರನ್ನು ಕಾಡುಮೃಗಗಳೆಂಬಂತೆ ಬಣ್ಣಿಸಿದವು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ನಾರಿಸ್ ಜಾನ್ಸನ್ ಎಂಬವರು ಅಷ್ಟಕ್ಕೇ ತೃಪ್ತರಾಗದೆ, ಅಲ್ಲಿದ್ದವರು ಪೊಲೀಸರ ಮುಂದೆ ಕೊಟ್ಟ ಹೇಳಿಕೆಗಳನ್ನು ಪರಿಶೀಲಿಸಿ 1987ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರಿಗೆ ಕಂಡದ್ದು ಬೇರೆಯೇ ಚಿತ್ರ. ಉಸಿರುಕಟ್ಟುವ ಆ ಇಕ್ಕಟ್ಟಿನಲ್ಲಿಯೂ ಜನ ಒಬ್ಬರಿಗೊಬ್ಬರು ನೆರವಾಗಿದ್ದರು. ಬಿದ್ದವರನ್ನು ಎತ್ತಲು, ಹೆಂಗಸರನ್ನು ಪಾರುಮಾಡಲು, ಗುರುತು ಪರಿಚಯ ಇಲ್ಲದವರನ್ನೂ ಕಾಪಾಡಲು ಯತ್ನಿಸಿದ್ದರು. ಕೈ ಸೋತು ನಿಂತದ್ದು ಒತ್ತಡ ಮನುಷ್ಯಶಕ್ತಿಯನ್ನು ಮೀರಿದಾಗ. ಮುಂದೆ ಸಾಯುತ್ತಿದ್ದಾರೆಂಬುದು ಹಿಂದೆ ನಿಂತವರಿಗೆ ತಿಳಿಯುವಂತೆಯೇ ಇರಲಿಲ್ಲ.

ಇಲ್ಲಿ ದೇಹದ ವಿಚಾರವನ್ನೂ ಸ್ವಲ್ಪ ಹೇಳಬೇಕು. ಇಂಥ ಕಡೆ ಸಾಯುವವರಲ್ಲಿ ಬಹುಮಂದಿ ತುಳಿತಕ್ಕೆ ಸಿಕ್ಕಿ ಸಾಯುವುದಿಲ್ಲ; ಉಸಿರುಕಟ್ಟಿ ಸಾಯುತ್ತಾರೆ, ಎಷ್ಟೋ ಸಲ ನಿಂತಲ್ಲಿಯೇ. ಉಸಿರೆಳೆಯಬೇಕಾದರೆ ಎದೆಗೂಡು ಹಿಗ್ಗಬೇಕು. ಹಿಂದೆ ಮುಂದೆ ಒತ್ತಿದ ಮೈಗಳ ನಡುವೆ ಅದಕ್ಕೆ ಹಿಗ್ಗಲು ಬೆರಳಗಲದ ಎಡೆಯೂ ಸಿಗದಿದ್ದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಅಮೆರಿಕದ ಎಂಜಿನಿಯರು ಜಾನ್ ಫ್ರುಯಿನ್ ಎಂಬವರು ಇಂಥ ಅನಾಹುತಗಳನ್ನು ಬಹುಕಾಲ ಅಧ್ಯಯನ ಮಾಡಿದವರು. ಒಂದು ಚದರ ಮೀಟರು, ಎಂದರೆ ಗಜಕ್ಕಿಂತ ತುಸು ಹೆಚ್ಚು ಉದ್ದ, ಅಷ್ಟೇ ಅಗಲದ ನೆಲದಲ್ಲಿ ಸುಮಾರು 7 ಮಂದಿ ನಿಂತರೆ ಗುಂಪು ಹೆಚ್ಚುಕಡಮೆ ನೀರಿನ ಗುಣವನ್ನು ಪಡೆಯುತ್ತದೆಂದು ಅವರು ತೋರಿಸಿದರು. ಆಗ ಒಬ್ಬೊಬ್ಬನಿಗೆ ಸ್ವಂತ ನಡೆಯೆಂಬುದಿಲ್ಲ. ಒಂದು ಕಡೆಯ ತಳ್ಳಾಟ ಅಲೆಯಾಗಿ ಮತ್ತೊಂದು ಕಡೆಗೆ ಹರಿಯುತ್ತದೆ. ಕಾಲಿನ ಜೋಡು ಕಳಚುತ್ತದೆ, ಉಕ್ಕಿನ ಕಂಬಿಗಳು ಬಾಗುತ್ತವೆ. ಅಂಥ ಅಲೆಯಲ್ಲಿ ಸಿಕ್ಕಿದವನಿಗೆ ಶಿಸ್ತಿನ ಉಪದೇಶ ಮಾಡುವುದು ಪ್ರವಾಹದಲ್ಲಿ ತೇಲುವವನಿಗೆ ನೆಟ್ಟಗೆ ನಡೆಯೆಂದು ಹೇಳಿದಂತೆ.

ಅನಾಹುತದ ಬೇರು ನಾಲ್ಕು ಸಂಗತಿಗಳಲ್ಲಿದೆ ಎಂದು ಫ್ರುಯಿನ್ ವಿಂಗಡಿಸಿದರು: ಬಲ, ಸುದ್ದಿ, ಸ್ಥಳ, ವೇಳೆ. ಸಿನ್ಸಿನಾಟಿಯನ್ನು ಈ ನಾಲ್ಕರಿಂದ ಅಳೆದು ನೋಡಿ. ಸ್ಥಳ ಕಿರಿದು, ಏಕೆಂದರೆ ಇದ್ದ ಬಾಗಿಲುಗಳನ್ನೂ ತೆರೆಯಲಿಲ್ಲ. ವೇಳೆ ಸಾಲದು, ಏಕೆಂದರೆ ಕಚೇರಿಯ ಹೊತ್ತು ಹತ್ತಿರವಾಗುವವರೆಗೆ ತಡಮಾಡಿದರು. ಸುದ್ದಿ ಸುಳ್ಳು, ಏಕೆಂದರೆ ಒಳಗಿನ ಧ್ವನಿ ಏನೆಂದು ಹೊರಗಿನವರಿಗೆ ಹೇಳಲು ಯಾರೂ ಇರಲಿಲ್ಲ. ಈ ಮೂರೂ ಕೂಡಿದ ಮೇಲೆ ನಾಲ್ಕನೆಯದಾದ ಬಲ ತಾನಾಗಿಯೇ ಹುಟ್ಟಿತು. ಈ ಮೊದಲಿನ ಮೂರರಲ್ಲಿ ಯಾವುದು ತಾನೇ ಟಿಕೇಟು ಕೊಂಡ ಹುಡುಗನ ಕೈಯಲ್ಲಿತ್ತು?

ಹಾಗಾದರೆ ಪುಂಡಾಟಿಕೆ ಎಂಬುದೇ ಇಲ್ಲವೇ ಎಂದು ನೀವು ಕೇಳಬಹುದು. ಉಂಟು. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯದ ಆಲ್ಟಮಾಂಟ್ ಎಂಬಲ್ಲಿ ‘ರೋಲಿಂಗ್ ಸ್ಟೋನ್ಸ್’ ತಂಡ ಹಾಡುತ್ತಿದ್ದಾಗ ಹೊಡೆದಾಟ ನಡೆಯಿತು. ಪಿಸ್ತೂಲು ತೆಗೆದ ಒಬ್ಬ ತರುಣ ಚೂರಿಯ ಇರಿತಕ್ಕೆ ಸಿಕ್ಕಿ ಸತ್ತ. ಆದರೆ ಇರಿದವನು ಯಾರು? ವೇದಿಕೆಯ ಬಳಿ ಕಾವಲಿಗಿದ್ದ ಮೋಟಾರ್ ಸೈಕಲ್ ಸವಾರರ ಕೂಟದವನು. ಸಭೆಯ ಸ್ಥಳವನ್ನು ಕಡೆಯ ಗಳಿಗೆಯಲ್ಲಿ ಬದಲಾಯಿಸಿದ್ದರು. ಲಕ್ಷಗಟ್ಟಲೆ ಜನರ ಮುಂದೆ ವೇದಿಕೆ ಸೊಂಟದೆತ್ತರವೂ ಇರಲಿಲ್ಲ. 2021ರ ನವೆಂಬರ್ 5ರಂದು ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಟ್ರಾವಿಸ್ ಸ್ಕಾಟ್ ಎಂಬ ರ್‍ಯಾಪ್ ಹಾಡುಗಾರನ ‘ಆಸ್ಟ್ರೋವರ್ಲ್ಡ್’ ಉತ್ಸವದಲ್ಲಿ ಕೆಲವರು ಹಗಲಿನಲ್ಲಿಯೇ ಬೇಲಿ ನೂಕಿ ಒಳನುಗ್ಗಿದ್ದು ನಿಜ. ಅದು ತಪ್ಪು, ಅದನ್ನು ಒಪ್ಪಲಾಗದು. ಆದರೆ ಸಾವು ಸಂಭವಿಸಿದ್ದು ಗಂಟೆಗಟ್ಟಲೆ ಕಾಲ ಕಳೆದ ಮೇಲೆ, ರಾತ್ರಿ, ವೇದಿಕೆಯ ಸಮೀಪದ ಇಕ್ಕಟ್ಟಿನಲ್ಲಿ. ಸತ್ತವರು 10 ಮಂದಿ. ಅತ್ಯಂತ ಕಿರಿಯನಿಗೆ 9 ವರ್ಷ. ಹಾಡು ನಿಲ್ಲಿಸಿರೆಂದು ಜನ ಕೂಗಿಕೊಂಡರು. ಬಹುಮಂದಿಗೆ ಅಪಾಯವಾಗಿದೆಯೆಂದು ಅಧಿಕಾರಿಗಳು ಸಾರಿದ ಮೇಲೆಯೂ ಹಾಡು ಅರ್ಧ ಗಂಟೆಯಷ್ಟು ಮುಂದುವರಿಯಿತು. ಪುಂಡರು ಕೆಲವರಿದ್ದಾರೆಂದು ಮೊದಲೇ ತಿಳಿದಿರುವಾಗ, ಅವರನ್ನೂ ಲೆಕ್ಕಕ್ಕೆ ಹಿಡಿದು ಏರ್ಪಾಡು ಮಾಡುವುದೇ ಏರ್ಪಾಡು.

ಇದು ಆಗದ ಕೆಲಸವೇನೂ ಅಲ್ಲ. ಸಿನ್ಸಿನಾಟಿಯ ನಗರಸಭೆ ಅದೇ 1979ರ ಡಿಸೆಂಬರ್ 27ರಂದು ಗೊತ್ತಾದ ಆಸನವಿಲ್ಲದ ಟಿಕೇಟುಗಳನ್ನು ನಿಷೇಧಿಸಿತು. ಆ ನಿಷೇಧ 2004ರವರೆಗೆ ನಡೆಯಿತು. ಡೆನ್ಮಾರ್ಕಿನ ರಾಸ್ಕಿಲ್ಡ ಉತ್ಸವದಲ್ಲಿ 2000ದ ಜೂನ್ 30ರಂದು ‘ಪರ್ಲ್ ಜ್ಯಾಮ್’ ತಂಡ ಹಾಡುತ್ತಿದ್ದಾಗ, ಮಳೆಯಿಂದ ಜಾರುವ ನೆಲದಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು 9 ಮಂದಿ ತರುಣರು ಸತ್ತರು. ಗಾಯಕನು ಹಾಡು ನಿಲ್ಲಿಸಿ ಹಿಂದೆ ಸರಿಯಿರೆಂದು ಬೇಡಿಕೊಂಡನು. ಆದರೆ ಹೊತ್ತು ಮೀರಿತ್ತು. ಅಲ್ಲಿನವರು ಉತ್ಸವವನ್ನು ಕೈಬಿಡಲಿಲ್ಲ. ತರುಣರನ್ನು ಬೈದು ಸುಮ್ಮನಾಗಲೂ ಇಲ್ಲ. ವೇದಿಕೆಯ ಮುಂಭಾಗವನ್ನು ಕಟಕಟೆಗಳಿಂದ ಭಾಗ ಮಾಡಿ, ಒಂದೊಂದು ಭಾಗಕ್ಕೂ ಎಣಿಸಿದಷ್ಟೇ ಜನರನ್ನು ಬಿಡುವ ಪದ್ಧತಿಯನ್ನು ತಂದರು.

ಇದೆಲ್ಲ ದೂರ ದೇಶದ ಕಥೆಯೆಂದು ಕೇಳಿ ಮರೆಯುವ ಹಾಗಿಲ್ಲ. 2023ರ ನವೆಂಬರ್ 25ರಂದು ನೆರೆಯ ಕೇರಳದ ಕೊಚ್ಚಿ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಒಂದು ಹಾಡಿನ ಕಾರ್ಯಕ್ರಮವಿತ್ತು. ಕಡಿದಾದ ಮೆಟ್ಟಿಲುಗಳನ್ನು ಇಳಿದು ಒಳಗೆ ಹೋಗಬೇಕು. ಮಳೆ ಬಂತೆಂದು ಹೊರಗಿದ್ದವರು ಒಮ್ಮೆಗೇ ಒಳಸರಿದರು. 4 ಮಂದಿ ಸತ್ತರು. ಮಳೆಗೆ ಆಸರೆ ಹುಡುಕುವುದು ಪುಂಡಾಟಿಕೆಯೇ? 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದುದನ್ನು ಯಾರೂ ಮರೆತಿಲ್ಲ. ಅದು ಸಂಗೀತವಲ್ಲ, ಕ್ರಿಕೆಟ್ ತಂಡದ ವಿಜಯೋತ್ಸವ. ಆದರೆ ಕಥೆ ಅದೇ. ಸುಮಾರು 35,000 ಮಂದಿ ಹಿಡಿಸುವ ಸ್ಥಳಕ್ಕೆ ಲಕ್ಷಗಟ್ಟಲೆ ಜನ, ಉಚಿತ ಪ್ರವೇಶದ ವಿಷಯದಲ್ಲಿ ಗೊಂದಲದ ಸುದ್ದಿ, ಇಕ್ಕಟ್ಟಾದ ಬಾಗಿಲು. ಅಲ್ಲಿಯೂ 11 ಮಂದಿ, ಬಹುಪಾಲು ಎಳೆಯರು.

ಮನೆಯ ಮಕ್ಕಳು ಇಂಥ ಸಭೆಗೆ ಹೋಗುತ್ತೇವೆಂದಾಗ ಹೋಗಬೇಡಿರೆನ್ನುವುದು ಸುಲಭ. ಅದರಿಂದ ಪ್ರಯೋಜನ ಕಡಮೆ. ಹೊರಗೆ ಬರುವ ದಾರಿಗಳು ಎಲ್ಲೆಲ್ಲಿವೆಯೆಂದು ಮೊದಲೇ ನೋಡಿಕೊಳ್ಳಲು ಹೇಳಿರಿ. ಸುತ್ತಲಿನವರ ಮೈ ನಾಲ್ಕು ಕಡೆಯೂ ತಗಲತೊಡಗಿತೆಂದರೆ ಅದೇ ಎಚ್ಚರಿಕೆ; ಹಾಡು ಎಷ್ಟೇ ಚೆನ್ನಾಗಿರಲಿ, ಆಗಲೇ ಹೊರಬರಬೇಕು. ಸಿಕ್ಕಿಕೊಂಡರೆ ಎರಡು ಕೈಗಳನ್ನೂ ಮಡಿಸಿ ಎದೆಯ ಮುಂದೆ ಹಿಡಿದು ಉಸಿರಿಗೆ ಎಡೆ ಮಾಡಿಕೊಳ್ಳಬೇಕು. ಅಲೆಗೆ ಎದುರಾಗಿ ತಳ್ಳಬಾರದು. ಅಲೆ ತಗ್ಗಿದ ಕ್ಷಣದಲ್ಲಿ ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು. ಬಿದ್ದ ವಸ್ತುವಿಗಾಗಿ ಬಗ್ಗಬಾರದು. ಬಿದ್ದ ಮನುಷ್ಯನನ್ನು ಕೂಡಲೆ ಎತ್ತಬೇಕು. ಕೂಗುವುದರಲ್ಲಿ ಉಸಿರನ್ನು ವ್ಯಯಮಾಡಬಾರದು.

ಇದು ಮಕ್ಕಳ ಕರ್ತವ್ಯವಾಯಿತು. ಹಿರಿಯರದು ಇನ್ನೊಂದುಂಟು. ಶಾಲಾ ವಾರ್ಷಿಕೋತ್ಸವದಿಂದ ಹಿಡಿದು ಗಣೇಶೋತ್ಸವದ ಹಾಡಿನ ಸಭೆಯವರೆಗೆ ಊರೂರಿನಲ್ಲಿ ನಮ್ಮಂಥವರೇ ಸಮಿತಿಗಳಲ್ಲಿರುತ್ತೇವೆ. ಹಾಡುವವರ ಸಂಭಾವನೆ, ಹಾರತುರಾಯಿ, ಅತಿಥಿಗಳ ಊಟ ಎಲ್ಲಕ್ಕೂ ಅಲ್ಲಿ ಲೆಕ್ಕವಿರುತ್ತದೆ. ಎಷ್ಟು ಜನ ಬರಬಹುದು, ಬಾಗಿಲುಗಳೆಷ್ಟು, ಅವುಗಳ ಬೀಗದ ಕೈ ಯಾರಲ್ಲಿದೆ, ಅಪಾಯವಾದರೆ ಹಾಡು ನಿಲ್ಲಿಸಿರೆಂದು ಹೇಳುವ ಅಧಿಕಾರ ಯಾರಿಗಿದೆ, ಈ ನಾಲ್ಕು ಪ್ರಶ್ನೆಗಳನ್ನು ಮುಂದಿನ ಸಭೆಯಲ್ಲಿ ಒಬ್ಬರಾದರೂ ಎದ್ದುನಿಂತು ಕೇಳಲಿ. ಉತ್ತರ ಬರುವವರೆಗೆ ಟಿಕೇಟು ಅಚ್ಚಾಗದಿರಲಿ.