ಕೊಬ್ಬು ಮಿದುಳಿಗೆ ಕಳುಹಿಸುವ ವರ್ತಮಾನ

(ಲಷ್ಕರ್ ಮೊಹಲ್ಲಾದ ಮಹಿಳೆಯರನ್ನು ಉದ್ದೇಶಿಸಿ ಮಾಡಿದ ಭಾಷಣ)



ಅಶೋಕ ರಸ್ತೆಯಿಂದ ತಿಂಗಳ ದಿನಸಿ ತಂದು ಡಬ್ಬಗಳಲ್ಲಿ ತುಂಬಿಡುವ ಗೃಹಿಣಿಗೆ ಅಕ್ಕಿ ಎಷ್ಟು ದಿನಕ್ಕೆ ಸಾಕೆಂಬುದು ತಿಳಿದಿರುತ್ತದೆ. ದೇಹಕ್ಕೂ ಇಂಥದೊಂದು ಲೆಕ್ಕ ಉಂಟು. ಅದರ ಉಗ್ರಾಣ ಕೊಬ್ಬು. ಇದು ಬರಿಯ ಮೂಟೆಯೆಂದೇ ಬಹುಕಾಲ ಭಾವಿಸಲಾಗಿತ್ತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು, ಕೊಬ್ಬಿನ ಜೀವಕೋಶಗಳೇ ರಕ್ತಕ್ಕೆ ಸೇರಿಸುವ ಹಾರ್ಮೋನೊಂದರ ಮೂಲವನ್ನು ಕಂಡುಹಿಡಿದರು. ಅದೇ ಲೆಪ್ಟಿನ್.

ಲೆಪ್ಟಿನ್ ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವನ್ನು ತಲುಪಿ, ದಾಸ್ತಾನು ಇದೆಯೆಂದು ತಿಳಿಸುತ್ತದೆ. ಊಟ ಬಿಟ್ಟರೆ, ಕೊಬ್ಬು ಹೆಚ್ಚೇನೂ ಕರಗುವ ಮೊದಲೇ ಅದರ ಪ್ರಮಾಣ ಇಳಿಯುತ್ತದೆ. ಮಿದುಳು ಇದನ್ನು ಬರಗಾಲವೆಂದು ಬಗೆದು ಹಸಿವನ್ನು ಕೆರಳಿಸುತ್ತದೆ, ದೇಹದ ಖರ್ಚನ್ನು ಬಿಗಿಹಿಡಿಯುತ್ತದೆ. ಮೈ ಇಳಿಸಲು ಹಟದಿಂದ ಉಪವಾಸವಿದ್ದವರು ನಾಲ್ಕನೆಯ ದಿನ ಎರಡರಷ್ಟು ಉಣ್ಣುವುದು ಚಾಪಲ್ಯದಿಂದಲ್ಲ. ಅವರನ್ನು ಹೀಯಾಳಿಸುವವರು ಇದನ್ನರಿಯಬೇಕು.

ಕುಟುಂಬ ಕಲ್ಯಾಣಕ್ಕೆ ಹೆಚ್ಚು ಸಂಬಂಧಿಸಿದ ಸಂಗತಿ ಮತ್ತೊಂದಿದೆ. ಬಸಿರಿಗೂ ಹಾಲೂಡಿಕೆಗೂ ಬೇಕಾದ ಸಂಗ್ರಹವಿಲ್ಲವೆಂಬ ಸೂಚನೆ ದೊರೆತಾಗ, ಹೈಪೋಥಲಾಮಸ್ ಅಂಡಾಶಯಗಳನ್ನು ನಡೆಸುವ ಆಜ್ಞೆಯನ್ನೇ ತಗ್ಗಿಸುತ್ತದೆ. ಅರೆಹೊಟ್ಟೆಯ ಹುಡುಗಿ ಮೈನೆರೆಯುವುದು ತಡವಾಗುವುದಕ್ಕೂ, ತೀರಾ ಸೊರಗಿದವಳ ಮುಟ್ಟು ನಿಲ್ಲುವುದಕ್ಕೂ ಇದು ಮುಖ್ಯ ಕಾರಣಗಳಲ್ಲೊಂದು. ಆದರೆ ಮುಟ್ಟು ನಿಂತಿತೆಂದು ಗರ್ಭನಿರೋಧ ಕ್ರಮವನ್ನು ಬಿಡಬೇಡಿ. ಚೇತರಿಸಿಕೊಳ್ಳುವಾಗ ಮುಟ್ಟಿಗಿಂತ ಮೊದಲೇ ಅಂಡ ಬಿಡುಗಡೆಯಾಗುತ್ತದೆ. ಮೊದಲು ಬಸಿರೇ ಎಂದು ಪರೀಕ್ಷಿಸಿಕೊಂಡು, ಅಲ್ಲವಾದರೆ ವೈದ್ಯರನ್ನು ಕಾಣಿರಿ.

ಸಣಕಲು ಮೈಯಲ್ಲಿ ಕೊಬ್ಬೇ ಇರದೆಂದೂ ತಿಳಿಯಬಾರದು. ನೆರೆಯ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಿಮ್ಮಲ್ಲಿ ಅನೇಕರು ಮಿಷನ್ ಆಸ್ಪತ್ರೆಯೆನ್ನುವ ಅಲ್ಲಿಯೇ, 1997-98ರಲ್ಲಿ ಹೆಸರು ನೋಂದಾಯಿಸಿದ ಗರ್ಭಿಣಿಯರ 600ಕ್ಕೂ ಹೆಚ್ಚು ಶಿಶುಗಳನ್ನು ಅಳೆದು ನೋಡಲಾಯಿತು. ಇಂಗ್ಲೆಂಡಿನ ಶಿಶುಗಳಿಗಿಂತ ಇವು ತೂಕದಲ್ಲಿ ಹಗುರ. ಆದರೂ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಕೊರತೆಯಿದ್ದುದು ಹೆಚ್ಚಾಗಿ ಮಾಂಸಖಂಡದಲ್ಲಿ. ಹೀಗಿರುವಾಗ ಚಿಕ್ಕ ಮಗುವನ್ನು ದುಂಡಗಾಗಿಸಬೇಕೆಂದು ತುಪ್ಪ ಸಕ್ಕರೆ ತುರುಕುವ ಅಜ್ಜಿಯರ ಪ್ರೀತಿ ದೊಡ್ಡದೇ, ಲೆಕ್ಕ ಮಾತ್ರ ತಪ್ಪು. ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಬಳಿಕ ಹಾಲಿನ ಜೊತೆಗೆ ಬೇಳೆ, ಕಾಳು, ಸೊಪ್ಪು, ಮೊಟ್ಟೆ ಕೊಡಿರಿ. ಬಸುರಿಯ ತಟ್ಟೆಯಲ್ಲಿಯೂ ಇವೇ ಇರಲಿ. ವ್ರತದ ನೆಪದಲ್ಲಿ ಅವಳನ್ನು ಹಸಿದಿರಿಸಬೇಡಿ.

ಹಾಗಾದರೆ ಲೆಪ್ಟಿನ್ ಚುಚ್ಚುಮದ್ದಿನಿಂದ ಬೊಜ್ಜು ಕರಗದೇ ಎಂದು ನೀವು ಕೇಳಬಹುದು. ಹುಟ್ಟಿನಿಂದಲೇ ಈ ಹಾರ್ಮೋನಿಲ್ಲದ ಅತಿ ವಿರಳ ಮಕ್ಕಳಿಗೆ ಅದು ವರವಾಗಿದೆ. ಅಂಥ ಮಗುವೊಂದಕ್ಕೆ ಇಂಗ್ಲೆಂಡಿನಲ್ಲಿ ನೀಡಿದ ಚಿಕಿತ್ಸೆಯ ಯಶಸ್ಸು 1999ರಲ್ಲಿ ಪ್ರಕಟವಾಯಿತು. ಸಾಮಾನ್ಯ ಬೊಜ್ಜಿನವರಲ್ಲಾದರೋ ಲೆಪ್ಟಿನ್ ಮೊದಲೇ ಯಥೇಚ್ಛವಾಗಿರುತ್ತದೆ. ಬಾಗಿಲು ಬಡಿಯುವ ಸದ್ದು ನಿಲ್ಲದಿದ್ದರೂ ಒಳಗಿರುವವರಿಗೆ ಅದು ಸರಿಯಾಗಿ ಕೇಳಿಸುತ್ತಿರುವುದಿಲ್ಲ.