ಕರೆಂಟಿನ ಪೆಟ್ಟಿಗೆ ಕೊಳ್ಳುವ ಮುನ್ನ

(ಶಿವಗಂಗೆಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದಿತು. ಇಂದು ನಮ್ಮ ಹಳ್ಳಿಗಳಲ್ಲಿಯೂ ಕರೆಂಟು ಇದೆ. ಆದರೂ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಸಾಕು, ರಾತ್ರಿಯೆಲ್ಲ ಕತ್ತಲೆ. ಊರಿನಿಂದ ದೂರ ಇರುವ ತೋಟದ ಮನೆಗಳ ಪಾಡಂತೂ ಹೇಳುವಂತಿಲ್ಲ.

ಈ ತೊಂದರೆಗೆಂದು ಈಗ ಅಂಗಡಿಗಳಲ್ಲಿ ಹಿಡಿ ಇರುವ ಒಂದು ಪೆಟ್ಟಿಗೆ ಸಿಗುತ್ತದೆ. ಇದನ್ನು ಪವರ್ ಸ್ಟೇಷನ್ ಎನ್ನುತ್ತಾರೆ. ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಮೂರೂ ಇದರೊಳಗೇ ಇವೆ. ಗೋಡೆಯ ಪ್ಲಗ್ಗಿನಿಂದಲೂ ತುಂಬಿಸಬಹುದು, ಸೋಲಾರ್ ಹಲಗೆಯಿಂದಲೂ ತುಂಬಿಸಬಹುದು. ವಸ್ತು ಒಳ್ಳೆಯದೇ. ಆದರೆ ಲೆಕ್ಕ ಹಾಕದೆ ಕೊಂಡವರು ಮೋಸಹೋಗುತ್ತಾರೆ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಒಂದು ಮನೆಯಲ್ಲಿ ವಯಸ್ಸಾದ ಅಜ್ಜಿಗೆ ಉಬ್ಬಸ. ಔಷಧಿಯನ್ನು ಹಬೆಯಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರವಿದೆ. ಕರೆಂಟು ಹೋದಾಗ ಬೇಕಾದೀತೆಂದು ಮಗ ಒಂದು ಪೆಟ್ಟಿಗೆ ತಂದ. ಅದರ ಮೇಲೆ ದಪ್ಪಕ್ಷರದಲ್ಲಿ 60,000 ಎಂದಿತ್ತು. ಇಷ್ಟು ದೊಡ್ಡ ಸಂಖ್ಯೆ ಇದ್ದ ಮೇಲೆ ಯಾವ ಭಯ ಎಂದುಕೊಂಡರು. ಒಂದು ಮಳೆಯ ಸಂಜೆ ಮೂರು ಗಂಟೆ ಹೊತ್ತು ಟೀವಿ, ದೀಪ ಓಡಿಸಿದರು. ನಡುರಾತ್ರಿ ಅಜ್ಜಿಗೆ ಉಸಿರು ಕಟ್ಟಿತು. ಪೆಟ್ಟಿಗೆ ಬರಿದಾಗಿತ್ತು. ಮಳೆಯಲ್ಲೇ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದರು. ದೈವಕೃಪೆಯಿಂದ ಬದುಕಿಕೊಂಡರು.

ಪೆಟ್ಟಿಗೆ ಕೆಟ್ಟದ್ದೇನೂ ಆಗಿರಲಿಲ್ಲ. ಅದರ ಮೇಲಿದ್ದ ಸಂಖ್ಯೆಯನ್ನು ಓದುವುದು ನಮಗೆ ತಿಳಿದಿರಲಿಲ್ಲ, ಅಷ್ಟೆ.

ನಮ್ಮ ಶಿವಗಂಗೆ ಬೆಟ್ಟ ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಸರ್ಪದಂತೆ ಕಾಣುತ್ತದೆಂದು ಹಿರಿಯರು ಹೇಳುತ್ತಾರೆ. ಈ ಪೆಟ್ಟಿಗೆಗೂ ಹಲವು ಮುಖ. ಮಾರುವವನು ತನಗೆ ಅನುಕೂಲವಾದ ಮುಖವನ್ನು ತೋರಿಸುತ್ತಾನೆ. ನಾವು ನೋಡಬೇಕಾದ ಸಂಖ್ಯೆಗಳು ಎರಡೇ: ವಾಟ್ ಮತ್ತು ವಾಟ್-ಗಂಟೆ.

ವಾಟ್-ಗಂಟೆ ಎಂದರೆ ಕೆರೆಯಲ್ಲಿರುವ ನೀರು. ವಾಟ್ ಎಂದರೆ ತೂಬಿನ ಅಗಲ. ಕೆರೆ ದೊಡ್ಡದಿದ್ದು ತೂಬು ಕಿರಿದಾದರೆ ದೊಡ್ಡ ಯಂತ್ರ ಓಡದು. ತೂಬು ದೊಡ್ಡದಿದ್ದು ಕೆರೆ ಚಿಕ್ಕದಾದರೆ ಬೇಗನೆ ಬತ್ತುತ್ತದೆ. ‘ಗರಿಷ್ಠ ವಾಟ್’ ಎಂದು ಬರೆದಿರುವುದು ಕೆಲವು ಕ್ಷಣಗಳ ಮಾತು. ಸತತವಾಗಿ ಎಷ್ಟು ವಾಟ್ ಕೊಡುತ್ತದೆಂದು ಕೇಳಿರಿ. 60,000 ಎಂಬುದು ಮಿಲಿ ಆಂಪಿಯರ್-ಗಂಟೆ. ಅದನ್ನು ಬ್ಯಾಟರಿ ಕೋಶದ 3.7 ವೋಲ್ಟಿನಿಂದ ಗುಣಿಸಿ 1,000ದಿಂದ ಭಾಗಿಸಿದರೆ ಬರುವುದು 222 ವಾಟ್-ಗಂಟೆ ಮಾತ್ರ. ಅದರಲ್ಲಿಯೂ ಒಳಗಿನ ನಷ್ಟ ಕಳೆದು ನಮ್ಮ ಕೈಗೆ ಸಿಗುವುದು ನೂರಕ್ಕೆ ಎಂಬತ್ತು ಭಾಗ ಎಂದಿಟ್ಟುಕೊಳ್ಳಿ.

ಈಗ ಒಂದು ಮನೆಯ ಲೆಕ್ಕ ನೋಡೋಣ. 9 ವಾಟಿನ ಮೂರು ಎಲ್‌ಇಡಿ ಬಲ್ಬು 4 ಗಂಟೆ ಉರಿದರೆ 108. 30 ವಾಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 6 ಗಂಟೆ ತಿರುಗಿದರೆ 180. ಎರಡು ಮೊಬೈಲಿಗೆ 30. ಒಟ್ಟು 318 ವಾಟ್-ಗಂಟೆ. ನಷ್ಟವನ್ನು ಸೇರಿಸಿದರೆ ಸುಮಾರು 400. ಈ ಮನೆಗೆ 500 ವಾಟ್-ಗಂಟೆಯ ಪೆಟ್ಟಿಗೆ ಸಾಕು. ಅದೇ ಮನೆಯಲ್ಲಿ 75 ವಾಟಿನ ಹಳೆಯ ಫ್ಯಾನಿದ್ದರೆ ಅದೊಂದಕ್ಕೇ 450 ಬೇಕು. ಆಗ 750ರ ಪೆಟ್ಟಿಗೆಯೂ ಅಂಚಿಗೆ ಬರುತ್ತದೆ. ಆದುದರಿಂದ ಮೊದಲು ಫ್ಯಾನು, ಬಲ್ಬು ಬದಲಾಯಿಸಿ. ಆಮೇಲೆ ಪೆಟ್ಟಿಗೆ ಕೊಳ್ಳಿ. ಹಣ ಉಳಿಯುವುದು ಅಲ್ಲಿಯೇ.

ಈ ಪೆಟ್ಟಿಗೆಯಿಂದ ಪಂಪ್‌ಸೆಟ್ಟು ಓಡೀತೇ ಎಂದು ಹಲವರು ಕೇಳಿದ್ದೀರಿ. ಓಡದು. 1 ಅಶ್ವಶಕ್ತಿ ಎಂದರೆ 746 ವಾಟ್. ಮೋಟಾರು ಹೊರಡುವಾಗ ಓಡುವುದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಮೇವು ಕತ್ತರಿಸುವ ಯಂತ್ರದ ಮಾತೂ ಇದೇ. ಪಂಪಿಗೆ ಸೋಲಾರ್ ಬೇಕೆನ್ನುವವರು ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಪಿಎಂ-ಕುಸುಮ್ ಯೋಜನೆಯ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಬೇಕು. ಬೆಳಗಿನ ಜಾವ ಹಾಲು ಕರೆಯಲು ಕೊಟ್ಟಿಗೆಗೆ ಬೆಳಕಾದರೆ ಸಾಕೆನ್ನುವವರಿಗೆ ಚಿಕ್ಕ ಪೆಟ್ಟಿಗೆಯೇ ಧಾರಾಳ.

ಕೊಳ್ಳುವಾಗ ಈ ವಿಷಯಗಳನ್ನು ನೋಡಿರಿ. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದಾಗಿರಲಿ. ಎರಡು ಮೂರು ಸಾವಿರ ಸಲ ತುಂಬಿ ಬರಿದು ಮಾಡಿದರೂ ಬಾಳುತ್ತದೆ, ಬೆಂಕಿಯ ಭಯವೂ ಕಡಿಮೆ. ಔಟ್‌ಪುಟ್ ‘ಪ್ಯೂರ್ ಸೈನ್ ವೇವ್’ ಆಗಿರಲಿ. ಇಲ್ಲವಾದರೆ ಫ್ಯಾನು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ರಶೀದಿ, ಗ್ಯಾರಂಟಿ ಬರೆಸಿಕೊಳ್ಳಿ. ರಿಪೇರಿ ಹತ್ತಿರದ ಪಟ್ಟಣದಲ್ಲಿ ಆಗುವುದೇ ಕೇಳಿಕೊಳ್ಳಿ. ಒಂದೇ ಕಡೆ ಇಡುವುದಾದರೆ ಮಾಮೂಲು ಇನ್ವರ್ಟರ್ ಅಗ್ಗವಾದೀತು. ಮನೆಗೂ ತೋಟಕ್ಕೂ ಹೊತ್ತೊಯ್ಯುವವರಿಗೆ ಮಾತ್ರ ಈ ಪೆಟ್ಟಿಗೆ ಲಾಭ.

ಸೋಲಾರ್ ಹಲಗೆ 100 ವಾಟಿನದಾದರೆ ಒಳ್ಳೆಯ ಬಿಸಿಲಿನ ದಿನ ಸುಮಾರು 400 ವಾಟ್-ಗಂಟೆ ಬರುತ್ತದೆ. ಆಷಾಢದ ಮೋಡದಲ್ಲಿ ಅರ್ಧವೂ ಬಾರದಿರಬಹುದು. ಹಲಗೆಯನ್ನು ದಕ್ಷಿಣಕ್ಕೆ ಮುಖಮಾಡಿ ಸ್ವಲ್ಪ ಓರೆಯಾಗಿ ಇಡಿ, ನೆರಳು ಬೀಳದಂತೆ ನೋಡಿಕೊಳ್ಳಿ, ಧೂಳು ಒರೆಸಿರಿ. ಹಲಗೆಯ ವೋಲ್ಟು ಪೆಟ್ಟಿಗೆಗೆ ಒಪ್ಪುವಂತಿರಬೇಕು. ಪೆಟ್ಟಿಗೆಯನ್ನು ಮಾತ್ರ ಬಿಸಿಲಿನಲ್ಲಾಗಲಿ ಒಲೆಯ ಬಳಿಯಾಗಲಿ ಇಡಬೇಡಿ.

ಒಂದು ಎಚ್ಚರಿಕೆ. ಪೆಟ್ಟಿಗೆಯ ಕರೆಂಟನ್ನು ಎಂದೂ ಗೋಡೆಯ ಪ್ಲಗ್ಗಿನ ಮೂಲಕ ಮನೆಯ ವೈರಿಂಗಿಗೆ ಹರಿಸಬೇಡಿ. ಅದು ಹಿಂದಕ್ಕೆ ಹರಿದು ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ ಪ್ರಾಣವನ್ನೇ ತೆಗೆದೀತು.

ಮನೆಯಲ್ಲಿ ಕಾಯಿಲೆಯವರಿದ್ದರೆ ಪೆಟ್ಟಿಗೆಯ ಅರ್ಧ ಭಾಗವನ್ನು ಅವರಿಗೆಂದೇ ಮೀಸಲಿಡಿ. 150 ವಾಟಿನ ನೆಬ್ಯುಲೈಸರ್ ಕಾಲು ಗಂಟೆ ಓಡಲು ಬೇಕಾದದ್ದು 40 ವಾಟ್-ಗಂಟೆಗೂ ಕಡಿಮೆ. ಆ ರಾತ್ರಿ ಟೀವಿಯನ್ನು ಒಂದು ಗಂಟೆ ಮೊದಲೇ ಆರಿಸಿದ್ದರೆ ಅಜ್ಜಿಗೆ ಸಾಕಾಗುತ್ತಿತ್ತು. ಆಮ್ಲಜನಕದ ಯಂತ್ರವಾದರೆ ಮಾತು ಬೇರೆ: 300 ವಾಟಿನದು ರಾತ್ರಿ 8 ಗಂಟೆಗೆ 2,400 ತಿನ್ನುತ್ತದೆ. ಅಂಥವರು ವೈದ್ಯರನ್ನು ಕೇಳಿ ಸಿಲಿಂಡರ್ ಇಟ್ಟುಕೊಳ್ಳಲಿ; ಪೆಟ್ಟಿಗೆಯೊಂದನ್ನೇ ನಂಬಬಾರದು.

ಇಂದು ಮನೆಗೆ ಹೋಗಿ ಒಂದು ಚೀಟಿಯಲ್ಲಿ ಬರೆಯಿರಿ: ಕರೆಂಟು ಹೋದಾಗ ಯಾವುದು ಓಡಲೇಬೇಕು, ಎಷ್ಟು ವಾಟು, ಎಷ್ಟು ಗಂಟೆ. ಆ ಚೀಟಿಯನ್ನು ಮುಂದಿನ ಸಭೆಗೆ ತನ್ನಿರಿ. ಒಟ್ಟಿಗೆ ಕುಳಿತು ಲೆಕ್ಕ ಹಾಕೋಣ. ಚೀಟಿ ಇಲ್ಲದೆ ಅಂಗಡಿಯ ಮೆಟ್ಟಿಲು ಹತ್ತಬೇಡಿ.