ಗ್ರಂಥಪಾಲಕನೂ ಪಾಠ ಕಲಿಯಬೇಕು

(ಕಾಸರಗೋಡಿನ ಗ್ರಾಮಾಂತರದ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಶಾಲಾ ಗ್ರಂಥಪಾಲಕರು ಮಾಡಿದ ಭಾಷಣ)



ಭಾಷಣ ನನ್ನ ಕಸುಬಲ್ಲ. ಪುಸ್ತಕಕ್ಕೆ ನಂಬರು ಹಾಕುವುದು, ಬೀರುವಿನಲ್ಲಿಡುವುದು, ಕೊಟ್ಟದ್ದನ್ನು ವಾಪಸು ಪಡೆಯುವುದು, ಇಷ್ಟೇ ನಾನು ಕಲಿತು ಬಂದದ್ದು. ಪಾಠ ಮಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ವಾರಕ್ಕೊಂದು ಗ್ರಂಥಾಲಯ ಪೀರಿಯಡ್ ನನ್ನ ಪಾಲಿಗೆ ಬಂತು.

ಮೊದಲ ದಿನ ಕರಿಹಲಗೆಯ ಮೇಲೆ 894.814 ಎಂದು ಬರೆದೆ. ಡ್ಯೂಯಿ ವರ್ಗೀಕರಣದಲ್ಲಿ ಇದು ಕನ್ನಡ ಸಾಹಿತ್ಯದ ಸಂಖ್ಯೆ ಎಂದು ಅರ್ಧ ಗಂಟೆ ವಿವರಿಸಿದೆ. ಕೊನೆಗೆ ಆರನೇ ತರಗತಿಯ ಹುಡುಗನೊಬ್ಬ ಎದ್ದು, "ಸರ್, ಇದು ಪರೀಕ್ಷೆಗೆ ಬರ್ತದಾ?" ಎಂದ. ಇಲ್ಲ ಎಂದೆ. ಅವನು ನೆಮ್ಮದಿಯಿಂದ ಕುಳಿತುಕೊಂಡ. ಆ ದಿನ ಒಂದೇ ಒಂದು ಪುಸ್ತಕವೂ ಮನೆಗೆ ಹೋಗಲಿಲ್ಲ. ತಪ್ಪು ಮಕ್ಕಳದ್ದಲ್ಲ.

ಎಸ್. ಆರ್. ರಂಗನಾಥನ್ ಅವರ ಹೆಸರನ್ನು ಕೆಲವರಾದರೂ ಕೇಳಿರಬಹುದು. ಅವರು ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. 1931ರಲ್ಲಿ ಬಂದ ಅವರ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು. ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರಿಗೆ ಇದು ಹೊಳೆಯಿತು. ನನ್ನದು ತಿರುಗಿದ ದಾರಿ.

ನಮ್ಮ ಶಾಲೆಯ ನಾಲ್ಕನೇ ತರಗತಿಯ ಟೀಚರ ಅನುಮತಿ ಪಡೆದು ಒಂದು ತಿಂಗಳು ಹಿಂದಿನ ಬೆಂಚಿನಲ್ಲಿ ಕುಳಿತೆ. ಅವರು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಿದ್ದರು, ಉತ್ತರ ಬರುವವರೆಗೂ. ನನಗೋ ಎರಡು ಸೆಕೆಂಡು ಮೌನವೆಂದರೆ ಬೆವರು! ಕಾಯುವುದನ್ನು ಅವರಿಂದಲೇ ಕಲಿತೆ.

ಆಮೇಲೆ ಸಂಖ್ಯೆಗಳನ್ನು ಬಿಟ್ಟು ನಿಘಂಟು ಹಿಡಿದೆ. ನಿಘಂಟಿನಲ್ಲಿ "ಬಂದಳು" ಹುಡುಕಿ ಎಂದರೆ ಮಕ್ಕಳು "ಬಂ" ಎಂಬಲ್ಲೇ ಅಲೆಯುತ್ತಾರೆ. ಆ ರೂಪ ಅಲ್ಲಿಲ್ಲ, "ಬರು" ಎಂಬಲ್ಲಿ ನೋಡಬೇಕು. "ಹೋದನು" ಬೇಕಾದರೆ "ಹೋಗು" ನೋಡಬೇಕು. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಇದು ಬೇಗ ತಿಳಿಯುತ್ತದೆ. ಆದರೆ ನಮ್ಮ ಮಕ್ಕಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಮನೆಮಾತಿನವರು ಎಷ್ಟೊಂದು ಮಂದಿ! ಅವರಿಗೆ ಶಾಲೆಯ ಕನ್ನಡವೆಂದರೆ ಓದಿಯೇ ಬರಬೇಕಾದ ಕನ್ನಡ.

ಇಬ್ಬಿಬ್ಬರ ಜೋಡಿ ಮಾಡಿ ಚೀಟಿ ಕೊಟ್ಟೆ. ತುಳು ಮನೆಮಾತಿನ ಒಬ್ಬ ಹುಡುಗಿ ತುಸು ಯೋಚಿಸಿ, "ಸರ್, ನಮ್ಮಲ್ಲೂ ಹಾಗೇ. ಬತ್ತಳ್ ಅಂದರೂ ಮೂಲ ಬರ್ಪುನಿ ಅಲ್ವಾ?" ಎಂದಳು. ನಾನು ಹೇಳಿಕೊಡಬೇಕೆಂದಿದ್ದ ವ್ಯಾಕರಣವನ್ನು ಅವಳೇ ಇಡೀ ತರಗತಿಗೆ ಹೇಳಿಕೊಟ್ಟಳು. ಅಂದಿನಿಂದ ಮನೆಮಾತನ್ನು ಗ್ರಂಥಾಲಯದ ಬಾಗಿಲಲ್ಲಿ ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. ಹಿಂದೆ ಹೇಳುತ್ತಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದೆ ಕೆಲಸ ಮಾಡಿದ ಶಾಲೆಯಲ್ಲಿ ಬೀರುವಿನ ಕೀಲಿಕೈ ನನ್ನ ಜೇಬಿನಲ್ಲಿಯೇ ಇರುತ್ತಿತ್ತು. ಒಂದು ಹಾಳೆ ಹರಿದರೂ ದಂಡ. ವರ್ಷದ ಕೊನೆಗೆ ಪುಸ್ತಕಗಳೆಲ್ಲ ಹೊಸದರಂತೆಯೇ ಇದ್ದವು. ಅದನ್ನು ಮೇಲಿನವರು ಮೆಚ್ಚಿದ್ದರು ಕೂಡ.

1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುತ್ತದೆ. ಅದಕ್ಕಾಗಿ ನಮ್ಮ ಹಿರಿಯರು ಓಡಾಡಿದ್ದಾರೆ, ನಾವೂ ಕೇಳುತ್ತಲೇ ಇರಬೇಕು. ಆದರೆ ಕೇಳುವಾಗ ಅಧ್ಯಾಪಕರ ಹುದ್ದೆ, ಪಠ್ಯಪುಸ್ತಕಗಳಷ್ಟೇ ನಮಗೆ ನೆನಪಾಗುತ್ತವೆ, ಗ್ರಂಥಾಲಯ ನೆನಪಾಗುವುದಿಲ್ಲ. ಪರೀಕ್ಷೆ ಹತ್ತಿರ ಬಂದರೆ ಮೊದಲು ಕಳೆದುಹೋಗುವುದು ಈ ಪೀರಿಯಡ್ಡೇ. ಆಗ ನೀವು ಬಂದು ಯಾಕೆಂದು ಕೇಳಬೇಕು. ನಾನೊಬ್ಬನೇ ಕೇಳಿದರೆ ಸ್ವಂತ ಕೆಲಸಕ್ಕಾಗಿ ಕೇಳಿದಂತಾಗುತ್ತದೆ.

ಮನೆಗೆ ಕತೆಪುಸ್ತಕ ಬಂದರೆ "ಪಾಠ ಓದು, ಇದೆಲ್ಲ ಯಾಕೆ?" ಎಂದು ಗದರಬೇಡಿ. ಮೊಬೈಲನ್ನು ಅರ್ಧ ಗಂಟೆ ಬದಿಗಿಟ್ಟು ಒಂದು ಪುಟ ಗಟ್ಟಿಯಾಗಿ ಓದಿಸಿ. ಅಕ್ಷರ ಬಾರದ ಅಜ್ಜಿಯ ಎದುರು ಓದಿದರೂ ಆಯಿತು, ಅಜ್ಜಿ ನಡುವೆ ಪ್ರಶ್ನೆ ಕೇಳುತ್ತಾರೆ, ಮಗು ಉತ್ತರ ಹೇಳಲೇಬೇಕಾಗುತ್ತದೆ. ಪುಸ್ತಕ ಹರಿದರೆ ಹಾಗೆಯೇ ಕಳುಹಿಸಿ, ನನ್ನಲ್ಲಿ ಗೋಂದು ಇದೆ.

ಮುಂದಿನ ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಐದಾರು ಮಂದಿಯಾದರೂ ಬನ್ನಿ. ನಿಮ್ಮ ಮನೆಮಾತಿನಲ್ಲೇ ಒಂದೊಂದು ಕತೆ ಹೇಳಿ. ಮಕ್ಕಳು ಅದನ್ನು ಕನ್ನಡದಲ್ಲಿ ಬರೆಯುತ್ತಾರೆ, ಬೇಕಾದ ಪದಗಳನ್ನು ಒಟ್ಟಿಗೆ ಹುಡುಕೋಣ. ಬೀರು ತೆರೆದೇ ಇರುತ್ತದೆ.